ಮೆಕ್ಯಾನಿಕಲ್ ಎಂ.ಟೆಕ್: ಅರ್ಜಿ ಹಾಕುವ ಮೊದಲಿನಿಂದ ವೈವಾ ಮುಗಿಯುವವರೆಗೆ

ಬಿ.ಇ. ಕೊನೆಯ ವರ್ಷದ ವಿದ್ಯಾರ್ಥಿಗಳು ನನ್ನಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸರ್, ಎಂ.ಟೆಕ್‌ಗೆ ಯಾವ ಕಾಲೇಜು ಒಳ್ಳೆಯದು?" ನಾನು ತಿರುಗಿ ಕೇಳುವುದೂ ಒಂದೇ: "ಯಾವ ವಿಷಯದಲ್ಲಿ?" ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಬಿ.ಇ. ನಾಲ್ಕು ವರ್ಷಗಳಲ್ಲಿ ಗೇರು, ಬಾಯ್ಲರು, ಲೇಥು, ಪಂಪು, ಎರಕ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿ ಬಂದ ವಿದ್ಯಾರ್ಥಿ ಎಂ.ಟೆಕ್‌ನ ಎರಡು ವರ್ಷಗಳಲ್ಲಿ ಅವುಗಳಲ್ಲಿ ಒಂದನ್ನು ಹಿಡಿದು ಆಳಕ್ಕೆ ಇಳಿಯಬೇಕಾಗುತ್ತದೆ. ಯಾವುದಕ್ಕೆ ಇಳಿಯುತ್ತೇನೆ ಎಂದು ಗೊತ್ತಿಲ್ಲದೆ ಕಾಲೇಜಿನ ಹೆಸರನ್ನಷ್ಟೇ ನೋಡಿ ಸೀಟು ಹಿಡಿದವರು ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಸುಸ್ತಾಗುವುದನ್ನು ನಾನು ಸಾಕಷ್ಟು ಸಲ ಕಂಡಿದ್ದೇನೆ. ಆದ್ದರಿಂದ ಪರೀಕ್ಷೆಯ ಮಾತಿಗಿಂತ ಮೊದಲು ವಿಷಯದ ಮಾತನ್ನೇ ಆಡೋಣ.

ಯಾವ ಶಾಖೆ

ಹಳೆಯ ವಿಂಗಡಣೆ ಇಂದಿಗೂ ಹೆಚ್ಚುಕಡಿಮೆ ಉಳಿದುಕೊಂಡಿದೆ: ಥರ್ಮಲ್, ಡಿಸೈನ್, ಮ್ಯಾನುಫ್ಯಾಕ್ಚರಿಂಗ್. ಇವುಗಳ ಪಕ್ಕದಲ್ಲಿ ಮೆಕಟ್ರಾನಿಕ್ಸ್, ರೋಬೋಟಿಕ್ಸ್, ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮುಂತಾದ ಹೆಸರುಗಳು ಸೇರಿಕೊಂಡಿವೆ. ಹೆಸರಿಗಿಂತ ಮುಖ್ಯವಾದದ್ದು ಆ ಶಾಖೆಯವರ ದಿನಚರಿ. ಥರ್ಮಲ್ ಹಿಡಿದವರ ಹೆಚ್ಚಿನ ಸಮಯ ದ್ರವ ಮತ್ತು ಅನಿಲಗಳ ಹರಿವು, ಶಾಖ ವರ್ಗಾವಣೆ, ದಹನ ಇವುಗಳ ಸಮೀಕರಣಗಳಲ್ಲಿ ಅಥವಾ ಅವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಸಿಎಫ್‌ಡಿಯಲ್ಲಿ ಕಳೆಯುತ್ತದೆ. ಡಿಸೈನ್ ಎಂದರೆ ಚಿತ್ರ ಬರೆಯುವುದು ಎಂದು ತಿಳಿದು ಬರುವವರಿದ್ದಾರೆ. ಆದರೆ ಅಲ್ಲಿ ಅವರನ್ನು ಎದುರುಗೊಳ್ಳುವುದು ಎಲಾಸ್ಟಿಸಿಟಿ, ಕಂಪನ, ಫ್ರ್ಯಾಕ್ಚರ್, ವಸ್ತುವನ್ನು ಸಣ್ಣ ಸಣ್ಣ ಎಲಿಮೆಂಟುಗಳಾಗಿ ಭಾಗಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ, ಒಟ್ಟಿನಲ್ಲಿ ಗಣಿತ. ಮ್ಯಾನುಫ್ಯಾಕ್ಚರಿಂಗ್‌ನವರಿಗೆ ಯಂತ್ರದ ಮುಂದೆ ನಿಲ್ಲುವ ಕೆಲಸ ಹೆಚ್ಚು: ಬೆಸುಗೆಯ ತುಂಡುಗಳನ್ನು ಕತ್ತರಿಸಿ, ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದರಲ್ಲಿಯೇ ತಿಂಗಳುಗಳು ಸರಿದುಹೋಗುತ್ತವೆ.

ಆಯ್ಕೆಗೆ ನಾನು ಹೇಳುವ ಪರೀಕ್ಷೆ ಸರಳವಾದದ್ದು. ಬಿ.ಇ.ಯಲ್ಲಿ ಯಾರೂ ಒತ್ತಾಯಿಸದೆ ಇದ್ದಾಗಲೂ ನೀವು ಮತ್ತೆ ಮತ್ತೆ ಬಿಡಿಸಿದ ಲೆಕ್ಕಗಳು ಯಾವ ವಿಷಯದವು ಎಂದು ನೆನಪಿಸಿಕೊಳ್ಳಿ. ಅಂಕ ಹೆಚ್ಚು ಬಂದ ವಿಷಯ ಅದೇ ಆಗಿರಬೇಕೆಂದಿಲ್ಲ, ಏಕೆಂದರೆ ಪ್ರಶ್ನೆಪತ್ರಿಕೆಯ ಮಾಡ್ಯೂಲುಗಳನ್ನು ಆರಿಸಿ ಓದಿ ಎಂಬತ್ತು ಅಂಕ ತೆಗೆಯುವ ವಿದ್ಯೆ ನಮಗೆಲ್ಲ ಚೆನ್ನಾಗಿ ಗೊತ್ತಿದೆ. ಮುಂದಿನ ಉದ್ಯೋಗದ ಯೋಚನೆಯೂ ಇರಲಿ. ಬೆಂಗಳೂರಿನಲ್ಲಿ ವಿಮಾನ ತಯಾರಿಸುವ ಎಚ್‌ಎಎಲ್, ವೈಮಾನಿಕ ಸಂಶೋಧನೆಯ ಎನ್‌ಎಎಲ್, ವಿಮಾನ ಎಂಜಿನ್ ಸಂಶೋಧನೆಯ ಜಿಟಿಆರ್‌ಇ, ಇಸ್ರೋ ಕೇಂದ್ರಗಳು ಮತ್ತು ವಿದೇಶಿ ಕಂಪನಿಗಳ ವಿನ್ಯಾಸ ಕಚೇರಿಗಳು ಇರುವುದರಿಂದ ವಿಶ್ಲೇಷಣೆ ಬಲ್ಲವರಿಗೆ ಇಲ್ಲಿ ಕೆಲಸದ ಅವಕಾಶವಿದೆ. ಪೀಣ್ಯದ ಕಾರ್ಖಾನೆಗಳು, ಬಿಡದಿಯ ವಾಹನ ಘಟಕ, 1962ರಲ್ಲಿ ಸ್ಥಾಪನೆಯಾದ ತುಮಕೂರು ರಸ್ತೆಯ ತಯಾರಿಕಾ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಂಟಿಐ ಇವೆಲ್ಲ ತಯಾರಿಕೆಯ ಕಡೆಯವು. ಅಧ್ಯಾಪಕರಾಗಬೇಕೆನ್ನುವವರಿಗಂತೂ ಎಂ.ಟೆಕ್ ಅನಿವಾರ್ಯ, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ನಿಯಮದ ಪ್ರಕಾರ ಎಂಜಿನಿಯರಿಂಗ್ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ಬಿ.ಇ. ಮತ್ತು ಎಂ.ಟೆಕ್ ಎರಡೂ ಇರಬೇಕು, ಎರಡರಲ್ಲಿ ಒಂದರಲ್ಲಾದರೂ ಪ್ರಥಮ ದರ್ಜೆ ಬಂದಿರಬೇಕು. ಇವು ಯಾವುವೂ ಅಲ್ಲದೆ "ಈ ವರ್ಷ ಕೆಲಸ ಸಿಗಲಿಲ್ಲ" ಎಂಬುದಷ್ಟೇ ಕಾರಣವಾಗಿದ್ದರೆ ಒಂದು ವರ್ಷ ಯಾವುದಾದರೂ ಕಾರ್ಖಾನೆಯಲ್ಲಿ ದುಡಿದು ಬಂದು ಅನಂತರ ಸೇರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಯಂತ್ರದ ಜೊತೆ ಒಂದು ವರ್ಷ ಕಳೆದವರಿಗೆ ತಾನು ಏನನ್ನು ಕಲಿಯಬೇಕೆಂಬುದು ತರಗತಿಯಲ್ಲಿ ಬೇಗ ಹೊಳೆಯುತ್ತದೆ.

ಗೇಟ್

ಭಾರತದಲ್ಲಿ ಎಂ.ಟೆಕ್‌ನ ಹೆಬ್ಬಾಗಿಲು ಗೇಟ್ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಹಳೆಯ ಐಐಟಿಗಳು ಸರದಿಯ ಮೇಲೆ ನಡೆಸುವ ಈ ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆದು ಮಾರ್ಚ್‌ನಲ್ಲಿ ಫಲಿತಾಂಶ ಬರುತ್ತದೆ. ಅರ್ಜಿ ಹಾಕುವ ಕಾಲ ಮಾತ್ರ ಅದರ ಹಿಂದಿನ ಆಗಸ್ಟ್ ಮತ್ತು ಸೆಪ್ಟೆಂಬರ್ ಆಸುಪಾಸು. ಮೂರನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಸ್ಕೋರು ಮೂರು ವರ್ಷ ಚಾಲ್ತಿಯಲ್ಲಿರುವುದರಿಂದ ಮೂರನೆಯ ವರ್ಷದಲ್ಲೇ ಒಮ್ಮೆ ಬರೆದು ನೋಡುವುದರಿಂದ ನಷ್ಟವಿಲ್ಲ.

ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಮೆಕ್ಯಾನಿಕಲ್ ಪತ್ರಿಕೆಯಲ್ಲಿ ಸಾಮಾನ್ಯ ಸಾಮರ್ಥ್ಯಕ್ಕೆ 15, ಎಂಜಿನಿಯರಿಂಗ್ ಗಣಿತಕ್ಕೆ 13, ಉಳಿದ 72 ಅಂಕ ಮುಖ್ಯ ವಿಷಯಕ್ಕೆ. ಹೀಗಾಗಿ ಬಾಯ್ಲರು, ಗೇರುಗಳ ಹೆಸರೇ ಎತ್ತದ 28 ಅಂಕಗಳು ಪತ್ರಿಕೆಯಲ್ಲಿವೆ ಎಂದಾಯಿತು. ತಯಾರಿ ಶುರುಮಾಡುವವರು ಥರ್ಮೋಡೈನಾಮಿಕ್ಸ್‌ನಿಂದ ಆರಂಭಿಸಿ ಗಣಿತವನ್ನು ಜನವರಿಗೆ ತಳ್ಳುವುದು ವಾಡಿಕೆ, ಇದನ್ನು ತಿರುಗಿಸಿ. ಲೀನಿಯರ್ ಆಲ್ಜಿಬ್ರಾ, ಕಲನಶಾಸ್ತ್ರ, ಡಿಫರೆನ್ಷಿಯಲ್ ಸಮೀಕರಣಗಳು, ಸಂಭವನೀಯತೆ, ನ್ಯೂಮರಿಕಲ್ ವಿಧಾನ ಇವುಗಳನ್ನು ಮೊದಲ ಎರಡು ತಿಂಗಳಲ್ಲಿ ಮುಗಿಸಿದರೆ ಮುಂದೆ ಕಂಪನಕ್ಕೂ ಶಾಖ ವರ್ಗಾವಣೆಗೂ ಅದೇ ಗಣಿತ ನೆರವಿಗೆ ಬರುತ್ತದೆ. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಭಾಗದ ದಾಸ್ತಾನು ಲೆಕ್ಕ, ಲೀನಿಯರ್ ಪ್ರೋಗ್ರಾಮಿಂಗ್, ಕೆಲಸಗಳ ವೇಳಾಪಟ್ಟಿ ಹಾಕುವ ಪರ್ಟ್ ಮತ್ತು ಸಿಪಿಎಂ ಓದಲು ಕಡಿಮೆ ಸಮಯ ಸಾಕು. ಅದನ್ನು ಸಣ್ಣ ವಿಷಯವೆಂದು ಬಿಟ್ಟವರು ಪರೀಕ್ಷೆಯ ದಿನ ಪಶ್ಚಾತ್ತಾಪ ಪಡುತ್ತಾರೆ.

ತಪ್ಪು ಉತ್ತರದ ಲೆಕ್ಕವನ್ನು ಹಲವರು ಸರಿಯಾಗಿ ತಿಳಿದುಕೊಂಡಿರುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿಯುತ್ತರವಿರುವ ಒಂದು ಅಂಕದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅಂಕದ ಮೂರನೇ ಒಂದು ಭಾಗ, ಎರಡು ಅಂಕದ ಪ್ರಶ್ನೆಗೆ ಮೂರನೇ ಎರಡು ಭಾಗ ಕಡಿತವಾಗುತ್ತದೆ. ಕಣ್ಣು ಮುಚ್ಚಿ ಊಹಿಸಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದ ಕ್ಷಣದಿಂದ ಊಹೆ ನಿಮ್ಮ ಪರವಾಗಿ ವಾಲುತ್ತದೆ: ಒಂದು ಅಂಕದ ಪ್ರಶ್ನೆಯಲ್ಲಿ ಸರಾಸರಿ ಲಾಭ ಒಂಬತ್ತನೇ ಒಂದು ಅಂಕ. ಸಂಖ್ಯೆಯನ್ನೇ ಟೈಪ್ ಮಾಡಬೇಕಾದ ಪ್ರಶ್ನೆಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಸರಿಯುತ್ತರವಿರಬಹುದಾದ ಪ್ರಶ್ನೆಗಳಿಗೆ ಕಡಿತವೇ ಇಲ್ಲವಾದ್ದರಿಂದ ಅವುಗಳನ್ನು ಖಾಲಿ ಬಿಡಬಾರದು. ಇನ್ನೊಂದು ಸಣ್ಣ ವಿಷಯ: ಪರೀಕ್ಷಾ ಕೊಠಡಿಗೆ ನಿಮ್ಮ ಕ್ಯಾಲ್ಕುಲೇಟರನ್ನು ಒಯ್ಯುವಂತಿಲ್ಲ, ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸ್‌ನಿಂದ ಒತ್ತುತ್ತ ಕೂರಬೇಕು. ನಾಲ್ಕು ವರ್ಷ ಕೈಯಲ್ಲಿ ಹಿಡಿದ ಯಂತ್ರದ ಅಭ್ಯಾಸವನ್ನು ಬಿಡಲು ಒಂದು ತಿಂಗಳಾದರೂ ಬೇಕು. ಹಳೆಯ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಮೊದಲ ದಿನದಿಂದಲೇ ಇದೇ ಕ್ಯಾಲ್ಕುಲೇಟರಿನಲ್ಲಿ ಬಿಡಿಸಿ.

ಫಲಿತಾಂಶದಲ್ಲಿ ಕಾಣುವ ಅಂಕ ಮತ್ತು ಸ್ಕೋರು ಬೇರೆ ಬೇರೆ. ಸಾಮಾನ್ಯ ವರ್ಗದ ಅರ್ಹತಾ ಅಂಕವು 25 ಅಥವಾ ಆ ವರ್ಷದ ಸರಾಸರಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡಿಸಿದ ಮೊತ್ತ, ಇವೆರಡರಲ್ಲಿ ಹೆಚ್ಚಿನದು. ಆ ಅರ್ಹತಾ ಅಂಕಕ್ಕೆ 350 ಸ್ಕೋರು ಕಟ್ಟಿ, ತುದಿಯವರ ಸರಾಸರಿಗೆ 900 ಕಟ್ಟಿ, ನಡುವೆ ಗೆರೆ ಎಳೆದು ಉಳಿದವರ ಸ್ಕೋರನ್ನು ತೆಗೆಯುತ್ತಾರೆ. ಹೀಗಿರುವುದರಿಂದ ಕಷ್ಟದ ಪತ್ರಿಕೆ ಬಂದ ವರ್ಷ 50 ಅಂಕ ಬಂದವರು ಅಳುತ್ತ ಕೂರಬೇಕಾಗಿಲ್ಲ, ಸುಲಭದ ವರ್ಷ 60 ಬಂದವರು ಸಿಹಿ ಹಂಚಲು ಆತುರಪಡಬೇಕಾಗಿಯೂ ಇಲ್ಲ.

ಸೀಟು, ಕೌನ್ಸೆಲಿಂಗ್, ಕಾಗದಪತ್ರ

ಹೆಚ್ಚಿನ ಎಡವಟ್ಟುಗಳು ಆಗುವುದು ಫಲಿತಾಂಶ ಬಂದ ಮೇಲೆಯೇ. ಐಐಟಿಗಳ ಆಹ್ವಾನಗಳು ಕೋಪ್ ಎಂಬ ಒಂದೇ ಪೋರ್ಟಲಿನಲ್ಲಿ ಕಾಣುತ್ತವೆ; ಆದರೆ ಅಲ್ಲಿ ನೋಂದಾಯಿಸಿಕೊಂಡ ಮಾತ್ರಕ್ಕೆ ಅರ್ಜಿ ಹಾಕಿದಂತಾಗುವುದಿಲ್ಲ. ಪ್ರತಿಯೊಂದು ಐಐಟಿಗೂ ಅದರದೇ ಜಾಲತಾಣದಲ್ಲಿ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಕೊನೆಯ ದಿನಾಂಕ ಇರುತ್ತವೆ. ಒಳ್ಳೆಯ ಸ್ಕೋರಿದ್ದೂ ಈ ಒಂದು ತಪ್ಪು ತಿಳಿವಳಿಕೆಯಿಂದ ವರ್ಷ ಕಳೆದುಕೊಂಡವನೊಬ್ಬ ನನ್ನ ರೂಮ್‌ಮೇಟ್ ಆಗಿದ್ದ. ಭಾರತೀಯ ವಿಜ್ಞಾನ ಸಂಸ್ಥೆಗೂ ಬೇರೆಯದೇ ಅರ್ಜಿ. ಸುರತ್ಕಲ್‌ನ ಎನ್‌ಐಟಿಕೆ ಸೇರಿದಂತೆ ಎನ್‌ಐಟಿಗಳ ಸೀಟುಗಳು ಮಾತ್ರ ಸಿಸಿಎಂಟಿ ಎಂಬ ಒಂದೇ ಕೌನ್ಸೆಲಿಂಗ್ ಮೂಲಕ ಹಂಚಿಕೆಯಾಗುತ್ತವೆ. 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಥರ್ಮಲ್ ಮತ್ತು ಮ್ಯಾನುಫ್ಯಾಕ್ಚರಿಂಗ್ ಎಂ.ಟೆಕ್‌ಗಳು ಬೇರೆ ಬೇರೆ ಇರುವುದರಿಂದ ಆಯ್ಕೆಯ ಪಟ್ಟಿಯಲ್ಲಿ ಅವುಗಳನ್ನು ಯಾವ ಕ್ರಮದಲ್ಲಿ ಬರೆಯುತ್ತೀರಿ ಎಂಬುದೂ ಮುಖ್ಯ. ಪಟ್ಟಿ ಬರೆಯುವಾಗ "ಈ ಸೀಟು ಹೇಗೂ ಸಿಗುವುದಿಲ್ಲ" ಎಂದು ಮೇಲಿನದನ್ನು ಬಿಡಬೇಡಿ. ಮೇಲೆ ಬರೆದ ಆಸೆಯಿಂದ ಕೆಳಗಿನ ಸೀಟಿಗೆ ಕುತ್ತು ಬರುವುದಿಲ್ಲ.

ಕರ್ನಾಟಕದ ವಿದ್ಯಾರ್ಥಿಗಳು ಪ್ರತಿವರ್ಷ ಸಿಕ್ಕಿಬೀಳುವುದು ಜಾತಿ ಪ್ರಮಾಣಪತ್ರದ ವಿಷಯದಲ್ಲಿ. ನಮ್ಮಲ್ಲಿ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂದು ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರ ರಾಜ್ಯದ ಪ್ರವೇಶಕ್ಕೆ ನಡೆಯುತ್ತದೆಯೇ ಹೊರತು ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಕೇಂದ್ರದ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂದು ದೃಢಪಡಿಸುವ ಒಬಿಸಿ ಪ್ರಮಾಣಪತ್ರ. ಅದೂ ಆ ಆರ್ಥಿಕ ವರ್ಷದ್ದೇ ಆಗಿರಬೇಕೆಂದು ಕೇಳುವುದು ಸಾಮಾನ್ಯ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ನಿಮ್ಮ ಜಾತಿಯ ಹೆಸರನ್ನು ಕೇಂದ್ರದ ಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಿ. ಆರ್ಥಿಕವಾಗಿ ಹಿಂದುಳಿದ ವರ್ಗದ ಪ್ರಮಾಣಪತ್ರಕ್ಕೂ ಏಪ್ರಿಲ್‌ನಲ್ಲೇ ಅರ್ಜಿ ಕೊಡುವುದು ಲೇಸು, ಏಕೆಂದರೆ ಜೂನ್ ಹೊತ್ತಿಗೆ ತಹಶೀಲ್ದಾರರ ಕಚೇರಿಯ ಮುಂದಿನ ಸಾಲು ಎಷ್ಟು ಉದ್ದವಿರುತ್ತದೆಂದು ಹಳ್ಳಿಯಿಂದ ಬಂದವರಿಗೆ ವಿವರಿಸಬೇಕಾಗಿಲ್ಲ.

ಗೇಟ್ ಕೈಹಿಡಿಯದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಇದೆ. 100 ಅಂಕಗಳ ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಕಡಿತವಿಲ್ಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳ, ಮುದ್ದೇನಹಳ್ಳಿಯಂತಹ ಅದರದೇ ಸ್ನಾತಕೋತ್ತರ ಕೇಂದ್ರಗಳ ಸರ್ಕಾರಿ ಕೋಟಾದ ಸೀಟುಗಳು ಇದರ ಮೂಲಕ ಸಿಗುತ್ತವೆ. ಗೇಟ್ ಅರ್ಹತೆ ಇದ್ದವರಿಗೆ ಇಲ್ಲಿಯೂ ಆದ್ಯತೆ ಉಂಟು. ಕಲ್ಯಾಣ ಕರ್ನಾಟಕದವರು ಸಂವಿಧಾನದ 371ಜೆ ವಿಧಿಯ ಅರ್ಹತಾ ಪತ್ರವನ್ನು ಸಿದ್ಧವಿಟ್ಟುಕೊಳ್ಳಬೇಕು.

ಹಣದ ವಿಷಯ. ಗೇಟ್ ಅರ್ಹತೆಯೊಂದಿಗೆ ಪೂರ್ಣಾವಧಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ, ಎಐಸಿಟಿಇ ಅನುಮೋದನೆ ಇರುವ ಖಾಸಗಿ ಕಾಲೇಜಿನ ವಿದ್ಯಾರ್ಥಿಗಳಿಗೂ ಇದು ಸಲ್ಲುತ್ತದೆ. ಪಿಜಿಸಿಇಟಿ ಅಂಕದ ಮೇಲಷ್ಟೇ ಸೇರಿದವರಿಗೆ ಇದಿಲ್ಲ. ಇದಕ್ಕೆ ಪ್ರತಿಯಾಗಿ ವಾರಕ್ಕೆ ಎಂಟು ಗಂಟೆ ಬಿ.ಇ. ಪ್ರಯೋಗಾಲಯಗಳಲ್ಲಿ ಅಥವಾ ಉತ್ತರಪತ್ರಿಕೆ ನೋಡುವುದರಲ್ಲಿ ದುಡಿಯಬೇಕಾಗುತ್ತದೆ. ದಾಖಲಾತಿ, ಪೋರ್ಟಲು, ಬ್ಯಾಂಕು ಎಂದು ಮೊದಲ ಕಂತು ಕೈಸೇರಲು ತಿಂಗಳುಗಳೇ ಹಿಡಿಯಬಹುದು. ಸೇರುವಾಗ ನಾಲ್ಕೈದು ತಿಂಗಳ ಮೆಸ್ ಬಿಲ್ಲಿಗೆ ಆಗುವಷ್ಟು ಹಣ ಜೊತೆಗಿರಲಿ.

ವಿದೇಶದ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತು ಇಂದು ಅರ್ಧ ಸತ್ಯ: ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ಆರಂಭಿಸಿದೆ. ಭಾರತದಿಂದ ಹೋಗುವವರು ತಮ್ಮ ವಿದ್ಯಾರ್ಹತೆಯ ದಾಖಲೆಗಳನ್ನು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಪಡೆಯಲೇಬೇಕು, ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು. ಉಳಿದದ್ದು ಬೇರೆಯೇ ಲೇಖನದ ವಸ್ತು.

ಸಂದರ್ಶನ

ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಟೆಕ್ ರಿಸರ್ಚ್, ಐಐಟಿಗಳ ಎಂ.ಎಸ್. ಮೊದಲಾದ ಸಂಶೋಧನಾ ಪದವಿಗಳಿಗೆ ಸಂದರ್ಶನವಿರುತ್ತದೆ. ಒಳಗೆ ಕಾಲಿಟ್ಟೊಡನೆ ಕೇಳುವ ಮೊದಲ ಪ್ರಶ್ನೆ, "ನಿಮ್ಮ ಇಷ್ಟದ ವಿಷಯ ಯಾವುದು?" ಎರಡು ವಿಷಯಗಳನ್ನು ಮತ್ತು ಅವಕ್ಕೆ ಬೇಕಾದ ಗಣಿತವನ್ನು ತಳದಿಂದ ಓದಿಕೊಂಡು ಹೋದರೆ ಸಾಕು, ಆರು ವಿಷಯ ಗೊತ್ತೆಂದು ಹೇಳಿಕೊಂಡವರಿಗೆ ಆರು ಕಡೆಯಿಂದ ಪ್ರಶ್ನೆ ಬರುತ್ತದೆ. ಅಲ್ಲಿ ಕೇಳುವುದು ಕಠಿಣ ಸೂತ್ರಗಳನ್ನಲ್ಲ. ಬಿಸಿ ತಂತಿಗೆ ನಿರೋಧಕ ಹೊದಿಕೆ ಸುತ್ತಿದರೆ ಶಾಖದ ನಷ್ಟ ಕಡಿಮೆಯಾಗಬೇಕಲ್ಲವೇ ಎಂದು ಕೇಳಿ, ನೀವು ಹೌದೆಂದರೆ, "ಯಾವಾಗಲೂ?" ಎನ್ನುತ್ತಾರೆ. ಹೊದಿಕೆ ದಪ್ಪವಾದಂತೆ ಅದರ ತಡೆ ಹೆಚ್ಚುತ್ತದೆ, ಆದರೆ ಗಾಳಿಗೆ ತೆರೆದುಕೊಂಡ ಮೇಲ್ಮೈಯೂ ಹೆಚ್ಚುತ್ತದೆ; ಹೊದಿಕೆಯ ಉಷ್ಣವಾಹಕತೆಯನ್ನು ಗಾಳಿಯ ಶಾಖ ವರ್ಗಾವಣಾ ಗುಣಾಂಕದಿಂದ ಭಾಗಿಸಿದಾಗ ಬರುವ ತ್ರಿಜ್ಯದವರೆಗೆ ನಷ್ಟ ಏರುತ್ತಲೇ ಹೋಗುತ್ತದೆ. ಎಸ್‌ಐ ಮಾನಗಳಲ್ಲಿ ಉಷ್ಣವಾಹಕತೆ 0.05, ಗುಣಾಂಕ 10 ಎಂದುಕೊಂಡರೆ ಆ ತ್ರಿಜ್ಯ 5 ಮಿಲಿಮೀಟರ್. ಇದನ್ನು ಸೂತ್ರವಾಗಿ ಕಂಠಪಾಠ ಮಾಡಿದವರು ಮತ್ತು ಹಲಗೆಯ ಮೇಲೆ ಎರಡು ತಡೆಗಳನ್ನು ಬರೆದು ತೋರಿಸುವವರು, ಇವರಿಬ್ಬರ ನಡುವಿನ ವ್ಯತ್ಯಾಸವನ್ನು ಗುರುತಿಸುವುದಕ್ಕಾಗಿಯೇ ಆ ಸಂದರ್ಶನ ಇರುವುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಸುಳಿವು ಕೇಳಿ ಮುಂದುವರಿಯಿರಿ. ಸುಳಿವು ಹಿಡಿದು ನಡೆಯುವವರನ್ನು ಅಧ್ಯಾಪಕರು ಇಷ್ಟಪಡುತ್ತಾರೆ.

ಮೊದಲ ವರ್ಷ

ಮೊದಲ ಎರಡು ಸೆಮಿಸ್ಟರುಗಳು ಬಹುತೇಕ ತರಗತಿಗಳವು. ಇಲ್ಲಿ ಬಿ.ಇ.ಯ ಓದು ಕೈಕೊಡುತ್ತದೆ. ಪ್ರಶ್ನೆಬ್ಯಾಂಕು ಇರುವುದಿಲ್ಲ, ಮನೆಗೆಲಸವಾಗಿ ಕೊಟ್ಟ ನಾಲ್ಕು ಲೆಕ್ಕಗಳಿಗೆ ವಾರವಿಡೀ ಹಿಡಿಯುತ್ತದೆ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯಲ್ಲಿ ಪುಸ್ತಕ ಯಾವ ಉಪಯೋಗಕ್ಕೂ ಬರುವುದಿಲ್ಲ. ಗಾಬರಿಪಡಬೇಕಾಗಿಲ್ಲ, ಎಲ್ಲರದೂ ಇದೇ ಪಾಡು. ಸೇರುವ ಮುಂಚಿನ ಎರಡು ತಿಂಗಳಲ್ಲಿ ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್ ಎರಡರಲ್ಲೊಂದನ್ನು ಕೈಗೆ ಪಳಗಿಸಿಕೊಂಡರೆ ಅರ್ಧ ಭಾರ ಇಳಿದಂತೆ. ಎನ್‌ಪಿಟಿಇಎಲ್‌ನ (ಐಐಟಿ ಅಧ್ಯಾಪಕರ ಆನ್‌ಲೈನ್ ಪಾಠಮಾಲೆ) ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ. ಗಣಿತದ ಒಂದು ಕೋರ್ಸನ್ನು ಲೆಕ್ಕಗಳ ಸಮೇತ ಮುಗಿಸುವುದು ಹತ್ತು ಕೋರ್ಸುಗಳನ್ನು ಅರ್ಧಂಬರ್ಧ ನೋಡುವುದಕ್ಕಿಂತ ಮೇಲು.

ಈ ವರ್ಷ ಕಲಿಯಬೇಕಾದ ಅತಿ ಮುಖ್ಯ ಅಭ್ಯಾಸವೊಂದಿದೆ: ಕಂಪ್ಯೂಟರು ಕೊಟ್ಟ ಸಂಖ್ಯೆಯನ್ನು ನಂಬುವ ಮೊದಲು ಕೈಲೆಕ್ಕದಿಂದ ಪರೀಕ್ಷಿಸುವುದು. ಒಂದು ತುದಿಯನ್ನು ಗೋಡೆಗೆ ಬಿಗಿದು ಇನ್ನೊಂದು ತುದಿಯನ್ನು ತೆರೆದು ಬಿಟ್ಟ ಉಕ್ಕಿನ ಕ್ಯಾಂಟಿಲಿವರ್ ತೊಲೆಯೊಂದನ್ನು ತೆಗೆದುಕೊಳ್ಳಿ. ಉದ್ದ 500 ಮಿಲಿಮೀಟರ್, ಅಡ್ಡಕೊಯ್ತ 20ಕ್ಕೆ 20 ಮಿಲಿಮೀಟರ್, ತುದಿಯಲ್ಲಿ 100 ನ್ಯೂಟನ್ ಭಾರ. ಉಕ್ಕಿನ ಎಲಾಸ್ಟಿಕ್ ಮಾಡ್ಯುಲಸ್ 200 ಗಿಗಾಪಾಸ್ಕಲ್ ಎಂದಿಟ್ಟುಕೊಂಡರೆ, ಬಿ.ಇ. ಎರಡನೆಯ ವರ್ಷದ ಸೂತ್ರದಿಂದಲೇ ತುದಿ ಸುಮಾರು 1.56 ಮಿಲಿಮೀಟರ್ ಬಾಗುತ್ತದೆಂದೂ ಬುಡದಲ್ಲಿ ಬಾಗುವಿಕೆಯ ಸ್ಟ್ರೆಸ್ 37.5 ಮೆಗಾಪಾಸ್ಕಲ್ ಎಂದೂ ಒಂದು ನಿಮಿಷದಲ್ಲಿ ಸಿಗುತ್ತದೆ. ಈಗ ಇದನ್ನೇ ಅನ್ಸಿಸ್ ಅಥವಾ ಅಬಾಕಸ್ ಎಂಬ ಫೈನೈಟ್ ಎಲಿಮೆಂಟ್ ತಂತ್ರಾಂಶದಲ್ಲಿ ಘನಾಕೃತಿಯ ಸರಳ ಎಲಿಮೆಂಟುಗಳಿಂದ, ದಪ್ಪಕ್ಕೆ ಒಂದೇ ಎಲಿಮೆಂಟ್ ಇಟ್ಟು, ಪೂರ್ಣ ಇಂಟಿಗ್ರೇಶನ್‌ನಲ್ಲಿ ಬಿಡಿಸಿ. ತೊಲೆ ಇರಬೇಕಾದದ್ದಕ್ಕಿಂತ ಬಿಗಿಯಾಗಿ ವರ್ತಿಸಿ ಬಾಗುವಿಕೆ ಕಡಿಮೆ ಬರುತ್ತದೆ. ಬಾಗಲಾರದ ಎಲಿಮೆಂಟು ತಪ್ಪಾಗಿ ಶಿಯರ್‌ನಲ್ಲಿ (ಪದರಗಳು ಜಾರುವ ವಿರೂಪದಲ್ಲಿ) ಶಕ್ತಿ ಕಳೆಯುವ ಈ ದೋಷವನ್ನು ಶಿಯರ್ ಲಾಕಿಂಗ್ ಎನ್ನುತ್ತಾರೆ. ಬಣ್ಣಬಣ್ಣದ ಚಿತ್ರ ಮಾತ್ರ ಉತ್ತರ ಸರಿಯಿದ್ದರೂ ತಪ್ಪಿದ್ದರೂ ಅಷ್ಟೇ ಚೆಲುವಾಗಿರುತ್ತದೆ.

ಇದರ ತದ್ವಿರುದ್ಧದ ಬಲೆಯೂ ಇದೆ. ಎಲ್ ಆಕಾರದ ಬ್ರ್ಯಾಕೆಟ್ಟಿನ ಒಳಮೂಲೆಯನ್ನು ಚೂಪಾಗಿಯೇ ಬಿಟ್ಟು ಮೆಶ್ (ಎಲಿಮೆಂಟುಗಳ ಜಾಲ) ಸಣ್ಣದು ಮಾಡುತ್ತ ಹೋದರೆ ಅಲ್ಲಿನ ಸ್ಟ್ರೆಸ್ ಒಂದು ಬೆಲೆಗೆ ನಿಲ್ಲದೆ ಏರುತ್ತಲೇ ಇರುತ್ತದೆ, ಏಕೆಂದರೆ ಚೂಪು ಮೂಲೆಯಲ್ಲಿ ಎಲಾಸ್ಟಿಸಿಟಿಯ ಸಮೀಕರಣದ ಉತ್ತರವೇ ಅನಂತ. ಇಂತಹ ಸಂಖ್ಯೆಯನ್ನು ವರದಿಯಲ್ಲಿ "ಗರಿಷ್ಠ ಸ್ಟ್ರೆಸ್" ಎಂದು ಬರೆದು ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಬೆವರಿದವರು ಒಬ್ಬಿಬ್ಬರಲ್ಲ. ಮೂಲೆಗೆ ನಿಜವಾದ ತಿರುವಿನ ತ್ರಿಜ್ಯ ಕೊಡಿ, ಮೆಶ್ ಅನ್ನು ಮೂರು ಹಂತಗಳಲ್ಲಾದರೂ ಸಣ್ಣದು ಮಾಡಿ ಉತ್ತರ ಒಂದೆಡೆ ನಿಲ್ಲುತ್ತದೆಯೇ ಎಂದು ನೋಡಿ, ಆಮೇಲಷ್ಟೇ ಬರೆಯಿರಿ.

ಗೈಡ್ ಮತ್ತು ಪ್ರಬಂಧ

ಎರಡನೆಯ ವರ್ಷ ಪೂರ್ತಿ ಪ್ರಬಂಧದ್ದು, ಎಂದರೆ ಗೈಡಿನದ್ದು. ಗೈಡನ್ನು ಆರಿಸುವ ಹುಡುಕಾಟವನ್ನು ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಆರಂಭಿಸಬೇಕು. ಅವರ ಇತ್ತೀಚಿನ ಮೂರು ಲೇಖನಗಳನ್ನು ಓದಿ, ಅವರ ಈಗಿನ ವಿದ್ಯಾರ್ಥಿಗಳೊಂದಿಗೆ ಕ್ಯಾಂಟೀನಿನಲ್ಲಿ ಒಂದು ಚಹಾ ಕುಡಿಯಿರಿ. ಸರ್ ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ, ಲ್ಯಾಬಿನ ಉಪಕರಣ ಈಗ ಚಾಲೂ ಇದೆಯೇ ಅಥವಾ ಎರಡು ವರ್ಷದಿಂದ ಮುಸುಕು ಹೊದ್ದಿದೆಯೇ, ಸಾಮಗ್ರಿಗೆ ಹಣ ಯಾವ ಪ್ರಾಜೆಕ್ಟಿನಿಂದ ಬರುತ್ತದೆ, ಹಿಂದಿನವರು ಸಮಯಕ್ಕೆ ಮುಗಿಸಿದರೇ: ಈ ನಾಲ್ಕಕ್ಕೆ ಪ್ರಾಮಾಣಿಕ ಉತ್ತರ ಸಿಗುವುದು ಅಲ್ಲಿಯೇ. ಖ್ಯಾತಿವೆತ್ತ ಆದರೆ ಸದಾ ಪ್ರವಾಸದಲ್ಲಿರುವ ಪ್ರಾಧ್ಯಾಪಕರಿಗಿಂತ, ಈಚೆಗೆ ಸೇರಿ ತಾವೇ ಲ್ಯಾಬ್ ಕಟ್ಟುತ್ತಿರುವ ಅಧ್ಯಾಪಕರ ಬಳಿ ಎಂ.ಟೆಕ್ ವಿದ್ಯಾರ್ಥಿ ಹೆಚ್ಚು ಕಲಿಯುತ್ತಾನೆ ಎಂಬುದು ನಾನು ಕಂಡ ಮಾತು.

ಪ್ರಯೋಗದ ಕೆಲಸ ಹಿಡಿದವರು ಖರೀದಿಯ ಲೆಕ್ಕವನ್ನು ಮೊದಲು ಹಾಕಬೇಕು. ಸರ್ಕಾರಿ ಸಂಸ್ಥೆಯಲ್ಲಿ ಒಂದು ಸೆನ್ಸರ್ ತರಿಸುವುದಕ್ಕೂ ದರಪಟ್ಟಿ, ಅನುಮೋದನೆ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಎಂದು ತಿಂಗಳುಗಳು ಹಿಡಿಯುವುದರಿಂದ, ಬೇಸಿಗೆ ರಜೆಯಲ್ಲಿ ಬೇಡಿಕೆ ಸಲ್ಲಿಸದವರು ಮೂರನೆಯ ಸೆಮಿಸ್ಟರನ್ನು ಕಾಯುವುದರಲ್ಲೇ ಕಳೆಯುತ್ತಾರೆ. ವರ್ಕ್‌ಶಾಪಿನ ಸಿಬ್ಬಂದಿಯೊಂದಿಗೆ ವಿನಯದಿಂದ ನಡೆದುಕೊಳ್ಳಿ. ನಿಮ್ಮ ಡ್ರಾಯಿಂಗಿನಲ್ಲಿ ಟಾಲರೆನ್ಸ್ ತಪ್ಪಿದ್ದರೆ ತುಂಡು ಕತ್ತರಿಸುವ ಮೊದಲು ಹೇಳಬಲ್ಲವರು ಅವರೇ.

ಸಂಖ್ಯೆಯನ್ನು ಪರೀಕ್ಷಿಸುವ ಅಭ್ಯಾಸ ಇಲ್ಲಿಯೂ ಬೇಕು. ತಾಪಮಾನ ಅಳೆಯುವ ಥರ್ಮೋಕಪಲ್ ಒಂದನ್ನು ಕ್ಯಾಲಿಬ್ರೇಟ್ ಮಾಡಲು ಕರಗುವ ಮಂಜುಗಡ್ಡೆಯನ್ನೂ ಕುದಿಯುವ ನೀರನ್ನೂ ಬಳಸುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸುರತ್ಕಲ್‌ನ ಕಡಲತಡಿಯಲ್ಲಿ ಸರಿಯಾಗಿದ್ದ "100 ಡಿಗ್ರಿ"ಯನ್ನು ಇಲ್ಲಿ ಹಾಗೆಯೇ ಬರೆದುಕೊಂಡರೆ ಮುಂದಿನ ಪ್ರತಿಯೊಂದು ಅಳತೆಯಲ್ಲೂ ಆ ತಪ್ಪು ಹಿಂಬಾಲಿಸುತ್ತದೆ. ನಾನು ಒಂದು ವಾರದ ರೀಡಿಂಗುಗಳನ್ನು ಹೀಗೆಯೇ ಕಸದ ಬುಟ್ಟಿಗೆ ಹಾಕಿದ್ದೇನೆ. ಅಳತೆಯ ಜೊತೆಗೆ ಅದರ ಅನಿಶ್ಚಿತತೆಯನ್ನೂ ಬರೆಯಿರಿ, ಒಳಗೆ ಹೋದ ಶಾಖ ಮತ್ತು ಹೊರಗೆ ಬಂದ ಶಾಖ ತಾಳೆಯಾಗುತ್ತವೆಯೇ ಎಂದು ಪ್ರತಿದಿನ ಸಂಜೆ ಕೂಡಿ ಕಳೆಯಿರಿ.

ಓದಬೇಕಾದ ಸಂಶೋಧನಾ ಲೇಖನಗಳಿಗೆ ಹಣ ಕೊಡುವ ಅಗತ್ಯ ಈಗ ಕಡಿಮೆಯಾಗಿದೆ. 2025ರ ಜನವರಿಯಲ್ಲಿ ಜಾರಿಗೆ ಬಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಿಂದ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳು ತೆರೆದುಕೊಂಡಿವೆ. ಓದಿದ ಪ್ರತಿ ಲೇಖನಕ್ಕೂ ಅವರು ಏನು ಅಳೆದರು, ಏನನ್ನು ಊಹಿಸಿಕೊಂಡರು, ಎಲ್ಲಿ ನಿಲ್ಲಿಸಿದರು ಎಂದು ಮೂರು ಸಾಲು ನಿಮ್ಮ ಮಾತಿನಲ್ಲೇ ಬರೆದಿಡಿ. ಹಿಂದಿನ ಸಂಶೋಧನೆಗಳನ್ನು ಪರಿಶೀಲಿಸುವ ಪ್ರಬಂಧದ ಎರಡನೆಯ ಅಧ್ಯಾಯವನ್ನು ಬರೆಯುವ ಹೊತ್ತಿಗೆ ಈ ಟಿಪ್ಪಣಿಗಳೇ ನಿಮ್ಮನ್ನು ನಕಲಿನಿಂದ ಕಾಪಾಡುತ್ತವೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ, ಅದನ್ನು ಮೀರಿದರೆ ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ, ಶೇಕಡಾ 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ.

ಕ್ಯಾಂಪಸ್ ಆಯ್ಕೆ ಎರಡನೆಯ ವರ್ಷದ ಆರಂಭದಲ್ಲೇ ಬಾಗಿಲು ತಟ್ಟುತ್ತದೆ ಎಂಬುದನ್ನು ಮರೆಯಬೇಡಿ. ಆ ಹೊತ್ತಿಗೆ ಪ್ರಬಂಧದಲ್ಲಿ ತೋರಿಸಲು ಹೆಚ್ಚೇನೂ ಇರುವುದಿಲ್ಲವಾದ್ದರಿಂದ, ಮೊದಲ ವರ್ಷದ ಕೋರ್ಸ್ ಪ್ರಾಜೆಕ್ಟುಗಳಲ್ಲಿ ಒಂದನ್ನಾದರೂ ಕೊನೆಮುಟ್ಟಿಸಿ, ಅದರ ಪ್ರತಿಯೊಂದು ಊಹೆಯನ್ನೂ ಸಮರ್ಥಿಸಿ ಮಾತಾಡುವಂತೆ ಸಿದ್ಧವಾಗಿರಿ.

ಪ್ರಬಂಧದ ಬರವಣಿಗೆಯನ್ನು ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬಾರದು. ಉಪಕರಣದ ವಿವರಣೆಯ ಅಧ್ಯಾಯವನ್ನು ಉಪಕರಣ ಕಟ್ಟಿದ ವಾರದಲ್ಲೇ ಬರೆದರೆ ಯಾವ ಬೋಲ್ಟು ಎಲ್ಲಿತ್ತು ಎಂದು ಆರು ತಿಂಗಳ ಮೇಲೆ ಫೋಟೋಗಳಲ್ಲಿ ಹುಡುಕುವ ಪಾಡು ತಪ್ಪುತ್ತದೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳುವ ಪ್ರಶ್ನೆಗಳು ಬಹುಪಾಲು ವಿಧಾನವನ್ನು ವಿವರಿಸುವ ನಿಮ್ಮ ಮೂರನೆಯ ಅಧ್ಯಾಯದ ಬಗ್ಗೆ ಇರುತ್ತವೆ: ಈ ವಿಧಾನವೇ ಏಕೆ, ಈ ಸಂಖ್ಯೆ ಸರಿಯೆಂದು ಹೇಗೆ ಗೊತ್ತು. ಅದು ಮುಗಿದ ಮೇಲೆ ತಿದ್ದುಪಡಿಗಳನ್ನು ಸೇರಿಸಿ, ಪ್ರತಿಗಳನ್ನು ಕಟ್ಟಿಸಿ, ನಿಮ್ಮ ಪ್ರೋಗ್ರಾಮುಗಳನ್ನೂ ಕಚ್ಚಾ ರೀಡಿಂಗುಗಳನ್ನೂ ಹೆಸರು ಮತ್ತು ದಿನಾಂಕ ಹಾಕಿ ಮುಂದಿನ ವಿದ್ಯಾರ್ಥಿಗೆ ಒಪ್ಪಿಸಿ, ಗ್ರಂಥಾಲಯ, ಹಾಸ್ಟೆಲ್ ಮತ್ತು ಲ್ಯಾಬಿನಿಂದ ನೋ ಡ್ಯೂ ಸಹಿ ಪಡೆಯಿರಿ. ತಾತ್ಕಾಲಿಕ ಪದವಿ ಪತ್ರ ಕೈಗೆ ಬರುವುದು ಆ ಮೂರೂ ಸಹಿ ಆದ ಮೇಲೆಯೇ.